ಕನ್ನಡಕ ಗಾಜಿನ ಪೆಟ್ಟಿಗೆಗೆ, ಡೈರಿ ಅಟ್ಟಕ್ಕೆ: ಪರಿಸರ ಲೇಖಕರ ಕಾಗದಗಳನ್ನ ಉಳಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



2015ರ ನವೆಂಬರ್‌ನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಗೆ ಕಳ್ಳರು ನುಗ್ಗಿದ್ದರು. ನಿಮ್ಮಲ್ಲಿ ಕೆಲವರಿಗೆ ಆ ಸುದ್ದಿ ನೆನಪಿರಬಹುದು. ಪ್ರದರ್ಶನಕ್ಕೆ ಇಟ್ಟಿದ್ದ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದವು. ಇಡೀ ರಾಜ್ಯ ಬೇಜಾರು ಮಾಡಿಕೊಳ್ತು, ಪೊಲೀಸರು ಬಂದರು, ಭದ್ರತೆ ಯಾಕಿಲ್ಲ ಅಂತ ಚರ್ಚೆ ಆಯ್ತು. ಎಲ್ಲ ಸರಿಯೇ. ಆದರೆ ಒಬ್ಬ ಲೇಖಕರ ಮನೆಯಲ್ಲಿ ಪದಕಕ್ಕಿಂತ ದೊಡ್ಡದಾಗಿ ಕಳೆದುಹೋಗೋ ವಸ್ತುಗಳು ಬೇರೆ ಇರ್ತವೆ. ಅವು ಹೋದಾಗ ಯಾರೂ ದೂರು ಕೊಡಲ್ಲ, ಯಾಕಂದ್ರೆ ಹೋಗಿದ್ದೇ ಗೊತ್ತಾಗಲ್ಲ. ಅದಕ್ಕೆ ಕಳ್ಳ ಬೇಕಾಗಿಲ್ಲ, ಎರಡು ಮಳೆಗಾಲ ಸಾಕು.

ಇವತ್ತಿನ ವಿಷಯ ಅದೇ. ಒಬ್ಬ ಪರಿಸರ ಲೇಖಕ ತೀರಿಕೊಂಡ ಮೇಲೆ ಅವರ ನೋಟ್‌ಬುಕ್, ಪತ್ರ, ನೆಗೆಟಿವ್, ಕಂಪ್ಯೂಟರ್ ಫೈಲು ಇವೆಲ್ಲ ಏನಾಗ್ತವೆ? ಅವನ್ನ ಯಾಕೆ ಉಳಿಸಬೇಕು? ಹೇಗೆ?

ಕನ್ನಡದಲ್ಲಿ ಈ ಪ್ರಶ್ನೆ ಬಂದ ತಕ್ಷಣ ಕಣ್ಣಮುಂದೆ ಬರೋ ಹೆಸರು ಪೂರ್ಣಚಂದ್ರ ತೇಜಸ್ವಿ. ಹುಟ್ಟಿದ್ದು 1938ರ ಸೆಪ್ಟೆಂಬರ್ 8. ತೀರಿಕೊಂಡಿದ್ದು 2007ರ ಏಪ್ರಿಲ್ 5, ಮೂಡಿಗೆರೆಯ ತಮ್ಮ ‘ನಿರುತ್ತರ’ ಮನೆಯಲ್ಲಿ. ‘ಕರ್ವಾಲೊ’ ಓದಿ ಹಾರುವ ಓತಿ ಹುಡುಕೋಕೆ ಹೊರಟವರು, ‘ಪರಿಸರದ ಕತೆ’ ಓದಿ ನಾಯಿಗೆ ಕಿವಿ ಅಂತ ಹೆಸರಿಟ್ಟವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಆದರೆ ಇಲ್ಲಿ ನಮಗೆ ಬೇಕಾಗಿರೋದು ಅವರ ಪುಸ್ತಕಗಳ ಪಟ್ಟಿ ಅಲ್ಲ, ಆ ಮನುಷ್ಯ ಎಷ್ಟು ಥರದ ಕೆಲಸ ಮಾಡ್ತಿದ್ದರು ಅನ್ನೋದು. ಕಾಫಿ ಬೆಳೀತಿದ್ದರು. ಗಾಳ ಹಾಕಿ ಮೀನು ಹಿಡೀತಿದ್ದರು. ಚಿತ್ರ ಬರೀತಿದ್ದರು. ಗಂಟೆಗಟ್ಟಲೆ ಕಾದು ಹಕ್ಕಿಗಳ ಫೋಟೊ ತೆಗೀತಿದ್ದರು. ಕೆನೆತ್ ಆಂಡರ್ಸನ್‌ನ ಬೇಟೆ ಕತೆಗಳನ್ನ ಕನ್ನಡಕ್ಕೆ ತಂದರು. ಕಂಪ್ಯೂಟರ್ ಅನ್ನೋದು ಇಂಗ್ಲಿಷಿನವರ ಸ್ವತ್ತು ಅಂತ ಎಲ್ಲರೂ ಸುಮ್ಮನಿದ್ದ ಕಾಲದಲ್ಲಿ ಕನ್ನಡದ ತಂತ್ರಾಂಶಕ್ಕಾಗಿ ಓಡಾಡಿದರು.

ಇಂಥವರು ಬಿಟ್ಟುಹೋಗೋದು ಬರೀ ಹಸ್ತಪ್ರತಿ ಅಲ್ಲ ಅಂತಾಯ್ತು. ಒಬ್ಬ ಕವಿ ಅಥವಾ ಕಾದಂಬರಿಕಾರರ ಮನೆಯಲ್ಲಿ ಸಿಗದ ಒಂದು ವಸ್ತು ಪರಿಸರ ಲೇಖಕರ ಮನೆಯಲ್ಲಿ ಸಿಗುತ್ತೆ: ತಾರೀಖು ಮತ್ತು ಜಾಗದ ಜೊತೆ ಬರೆದಿಟ್ಟ ಗಮನಿಕೆಗಳು. ಯಾವ ಹಕ್ಕಿ ಯಾವ ದಿನ ಮೊದಲು ಕಾಣ್ತು, ಯಾವ ಮರ ಯಾವಾಗ ಹೂ ಬಿಡ್ತು, ಹಳ್ಳದಲ್ಲಿ ನೀರು ಯಾವಾಗ ನಿಂತಿತು. ಬರೆಯೋವಾಗ ಅದು ಕತೆಗೆ ಬೇಕಾದ ಕಚ್ಚಾ ಮಾಲು. ಐವತ್ತು ವರ್ಷ ಬಿಟ್ಟು ನೋಡಿದ್ರೆ ಅದೇ ವಿಜ್ಞಾನಿಗೆ ಬೇಕಾದ ದಾಖಲೆ.

ಇದು ಬರೀ ಮಾತಲ್ಲ, ಒಂದು ನಿಜವಾದ ಉದಾಹರಣೆ ಇದೆ. ಅದಕ್ಕೆ ಸ್ವಲ್ಪ ದೂರ ಹೋಗಬೇಕು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾನ್ಕಾರ್ಡ್ ಅನ್ನೋ ಸಣ್ಣ ಊರಿಗೆ. ಹೆನ್ರಿ ಡೇವಿಡ್ ಥೋರೋ ಹೆಸರು ಕೇಳಿರ್ತೀರಿ, ‘ವಾಲ್ಡನ್’ ಬರೆದವನು. 1850ರ ದಶಕದಲ್ಲಿ ಆತ ದಿನಾ ಊರ ಸುತ್ತಮುತ್ತ ನಡೆದಾಡಿ, ಯಾವ ಗಿಡ ಯಾವ ದಿನ ಮೊದಲ ಹೂ ಬಿಡ್ತು ಅಂತ ಬರೆದಿಡ್ತಿದ್ದ. ಆಮೇಲೆ ಅದನ್ನ ದೊಡ್ಡ ಹಾಳೆಗಳಲ್ಲಿ ಕೋಷ್ಟಕ ಮಾಡಿದ. ಆ ಕೋಷ್ಟಕಗಳನ್ನ ಆತ ಅಚ್ಚು ಹಾಕಿಸಲಿಲ್ಲ. 1862ರಲ್ಲಿ ತೀರಿಕೊಂಡ. ಸುಮಾರು ನೂರೈವತ್ತು ವರ್ಷ ಆದಮೇಲೆ ಬಾಸ್ಟನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ರಿಚರ್ಡ್ ಪ್ರೈಮ್ಯಾಕ್ ಮತ್ತು ಅವರ ಜೊತೆಗಾರರು ಆ ಹಾಳೆಗಳನ್ನ ಹಿಡಿದು ಅದೇ ಊರಲ್ಲಿ, ಅದೇ ಜಾತಿಯ ಗಿಡಗಳನ್ನ ಹುಡುಕಿಕೊಂಡು ಓಡಾಡಿದರು. 2008ರಲ್ಲಿ ಫಲಿತಾಂಶ ಪ್ರಕಟ ಆಯ್ತು: ಥೋರೋ ಕಾಲಕ್ಕೆ ಹೋಲಿಸಿದರೆ ಅಲ್ಲಿನ ಗಿಡಗಳು ಸರಾಸರಿ ಏಳು ದಿನ ಮುಂಚೆ ಹೂ ಬಿಡ್ತಿವೆ. ಹವಾಮಾನ ಬದಲಾವಣೆಗೆ ಅದೊಂದು ಗಟ್ಟಿ ಸಾಕ್ಷಿ. ಉಪಗ್ರಹದಿಂದ ಬಂದಿದ್ದಲ್ಲ, ಲೇಖಕನ ಹಾಳೆಗಳಿಂದ ಬಂದಿದ್ದು.

ಇದೇ ಥೋರೋ ಕತೆಗೆ ಇನ್ನೊಂದು ಮುಖ ಇದೆ, ಅದನ್ನ ಕೇಳಿದ್ರೆ ಹೊಟ್ಟೆ ಉರಿಯುತ್ತೆ. 1906ರಲ್ಲಿ ಪ್ರಕಾಶಕರು ಆತನ ಸಮಗ್ರ ಬರಹವನ್ನ 20 ಸಂಪುಟಗಳಲ್ಲಿ ತಂದರು. ಅದರಲ್ಲೊಂದು ವಿಶೇಷ ಆವೃತ್ತಿ, 600 ಸೆಟ್. ಶ್ರೀಮಂತ ಗಿರಾಕಿಗಳನ್ನ ಸೆಳೆಯೋಕೆ ಏನು ಮಾಡಿದರು ಅಂದ್ರೆ, ಒಂದೊಂದು ಸೆಟ್‌ನಲ್ಲೂ ಥೋರೋ ಕೈಬರಹದ ಒಂದು ಅಸಲಿ ಹಾಳೆಯನ್ನ ಸೇರಿಸಿ ಮಾರಿದರು. ಜೆರಾಕ್ಸ್ ಅಲ್ಲ, ಅಸಲಿ! ಹೀಗೆ ನೂರಾರು ಹಾಳೆ ಚದುರಿ, ಯಾರ್ಯಾರದೋ ಮನೆಯ ಕಪಾಟು ಸೇರಿದವು. ಸಂಶೋಧಕರು ಅವನ್ನ ಇವತ್ತಿಗೂ ಒಂದೊಂದಾಗಿ ಹುಡುಕಿ ಜೋಡಿಸ್ತಿದ್ದಾರೆ. ಅದೃಷ್ಟಕ್ಕೆ ಆತನ ದಿನಚರಿಯ ಪುಸ್ತಕಗಳು ಬಹುಪಾಲು ಒಟ್ಟಿಗೇ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯ ಸೇರಿಕೊಂಡವು.

ಪ್ರೀತಿಯಿಂದಲೇ ಹಾಳು ಮಾಡೋದು ಅಂದ್ರೆ ಇದು. ನಮ್ಮಲ್ಲೂ ಇದು ಬೇರೆ ರೂಪದಲ್ಲಿ ನಡೆಯುತ್ತೆ. ಲೇಖಕರು ತೀರಿಕೊಂಡ ಮೇಲೆ ಮನೆಗೆ ಬಂದ ಅಭಿಮಾನಿಗೆ ನೆನಪಿಗೆ ಇರಲಿ ಅಂತ ಒಂದು ಪತ್ರ, ಸಂಚಿಕೆ ಮಾಡೋ ಪತ್ರಿಕೆಯವರಿಗೆ ನಾಲ್ಕು ಫೋಟೊ, ಪಿಎಚ್‌ಡಿ ಮಾಡೋ ಹುಡುಗನಿಗೆ ಒಂದು ಹಸ್ತಪ್ರತಿ. ಕೊಟ್ಟವರೂ ಒಳ್ಳೆಯವರು, ತಗೊಂಡವರೂ ಒಳ್ಳೆಯವರು. ಹತ್ತು ವರ್ಷ ಕಳೆಯೋದ್ರೊಳಗೆ ಪೆಟ್ಟಿಗೆ ಖಾಲಿ.

ದಾಖಲೆ ಕಾಯುವವರು ಮೊಟ್ಟಮೊದಲು ಹೇಳೋ ಮಾತು ‘ಒಂದನ್ನೂ ಬೇರೆ ಮಾಡಬೇಡಿ’ ಅಂತ. ಎರಡನೇದು ಇನ್ನೂ ವಿಚಿತ್ರ ಅನ್ಸುತ್ತೆ: ‘ನೀಟಾಗಿ ಜೋಡಿಸೋಕೆ ಹೋಗಬೇಡಿ.’ ಲೇಖಕರು ಹೇಗೆ ಇಟ್ಟಿದ್ದರೋ ಆ ಕ್ರಮವೇ ಒಂದು ಮಾಹಿತಿ. ಮೀನಿನ ಬಗ್ಗೆ ಬರೆದ ಚೀಟಿ ಒಂದು ಕಾದಂಬರಿಯ ಕರಡಿನ ಮಧ್ಯೆ ಸಿಕ್ಕಿತು ಅಂದ್ರೆ, ಆ ಎರಡೂ ಒಂದೇ ಕಾಲದಲ್ಲಿ ಅವರ ತಲೆಯಲ್ಲಿ ಓಡ್ತಿದ್ದವು ಅಂತ ಊಹಿಸಬಹುದು. ನಾವು ಬುದ್ಧಿವಂತಿಕೆ ತೋರಿಸಿ ಮೀನೆಲ್ಲ ಒಂದು ಕಡೆ, ಕಾದಂಬರಿಯೆಲ್ಲ ಒಂದು ಕಡೆ ಇಟ್ಟುಬಿಟ್ಟರೆ ಆ ಸುಳಿವು ಹೋಯ್ತು. ಹಾಗಾಗಿ ಪೆಟ್ಟಿಗೆ ಮುಟ್ಟೋದಕ್ಕೆ ಮೊದಲು ಇದ್ದದ್ದು ಇದ್ದಹಾಗೇ ಫೋಟೊ ತೆಗೀಬೇಕು. ಮೇಜಿನ ಫೋಟೊ, ಕಪಾಟಿನ ಫೋಟೊ, ಡ್ರಾಯರ್ ತೆರೆದಾಗಿನ ಫೋಟೊ. ಆಮೇಲೆ ಒಂದು ಪಟ್ಟಿ: ಯಾವ ಪೆಟ್ಟಿಗೆಯಲ್ಲಿ ಏನಿದೆ, ಎಲ್ಲಿಂದ ಎತ್ತಿದ್ದು. ನೋಡೋಕೆ ಗುಮಾಸ್ತರ ಕೆಲಸ, ಆದರೆ ಪಟ್ಟಿ ಇಲ್ಲದ ಸಂಗ್ರಹವನ್ನ ಯಾರೂ ಉಪಯೋಗಿಸೋಕಾಗಲ್ಲ.

ಸಸ್ಯವಿಜ್ಞಾನದವರಿಗೆ ಇದು ಚೆನ್ನಾಗಿ ಗೊತ್ತು. ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ಓದಿದ್ದೀರಲ್ವಾ? ವಿದ್ಯಾರ್ಥಿಗಳನ್ನ ಕರ್ಕೊಂಡು ಕಾಡು ಸುತ್ತೋ ಪುಸ್ತಕ, ಚಿತ್ರಗಳೂ ಅವರವೇ. ಹಾಗೆ ಕಾಡಿಂದ ತಂದ ಗಿಡವನ್ನ ಒಣಗಿಸಿ ಹಾಳೆಗೆ ಅಂಟಿಸಿದ ಮೇಲೆ ಅದರ ಮೂಲೆಯಲ್ಲಿ ಒಂದು ಚೀಟಿ ಇರ್ತದೆ: ಎಲ್ಲಿ, ಯಾವಾಗ, ಯಾರು ಸಂಗ್ರಹಿಸಿದ್ದು. ಆ ಚೀಟಿ ಉದುರಿಹೋದರೆ ಉಳಿಯೋದು ತರಗೆಲೆ. ಹಕ್ಕಿ ಫೋಟೊಗೂ ಇದೇ ಮಾತು. ಸಾವಿರ ಮಿಂಚುಳ್ಳಿ ಫೋಟೊ ಇದ್ದು ಒಂದರ ಹಿಂದೂ ತಾರೀಖು ಇಲ್ಲ ಅಂದ್ರೆ ಗೋಡೆಗೆ ಹಾಕೋಕೆ ಚೆನ್ನಾಗಿರುತ್ತೆ, ಅಷ್ಟೇ.

ಈಗ ಮಳೆ ವಿಷಯಕ್ಕೆ ಬರೋಣ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕಾಗದ ಉಳಿಸೋದಕ್ಕೂ ಮಲೆನಾಡಲ್ಲಿ ಉಳಿಸೋದಕ್ಕೂ ಅಜಗಜಾಂತರ. ಕಾಗದಕ್ಕೆ ಹಿತವಾದ ಗಾಳಿಯ ತೇವ ಶೇ 35ರಿಂದ 55ರ ಒಳಗೆ. ಶೇ 65 ದಾಟಿ ಹಾಗೇ ನಿಂತರೆ ಬೂಷ್ಟು ಶುರು. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್ ತನಕ ಶೇ 80, 90 ಅನ್ನೋದು ಮಾಮೂಲು. ಕುಪ್ಪಳಿ ಇರೋ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಆಗುಂಬೆ ಇರೋದು. ಮೂಡಿಗೆರೆಯಿಂದ ಚಾರ್ಮಾಡಿ ಕಡೆ ಹೋದ್ರೆ ಮಳೆ ಏನು ಅಂತ ಹೇಳಿಕೊಡೋದೇ ಬೇಡ. ಬೂಷ್ಟಿನ ಹಿಂದೆಯೇ ಸಿಲ್ವರ್‌ಫಿಶ್ ಬರುತ್ತೆ. ಹಳೇ ಪುಸ್ತಕ ತೆರೆದರೆ ಬೆಳ್ಳಿ ಬಣ್ಣದಲ್ಲಿ ಸರ್ರನೆ ಓಡುತ್ತಲ್ಲ, ಅದೇ. ಅದಕ್ಕೆ ಅಂಟು, ಗಂಜಿ ಅಂದ್ರೆ ಪ್ರಾಣ, ಅಂದ್ರೆ ಪುಸ್ತಕದ ಬೆನ್ನೇ ಅದರ ಊಟ. ಆಮೇಲೆ ಒರಲೆ. ಒರಲೆಯಂತೂ ಮೇಲಿನ ಹಾಳೆ ಹಾಗೇ ಬಿಟ್ಟು ಒಳಗಿಂದ ತಿಂದು ಮುಗಿಸಿರುತ್ತೆ.

ಮಲೆನಾಡಿನ ಮನೆಗಳಲ್ಲಿ ಬೀರುವಿನೊಳಗೆ ಒಂದು ಬಲ್ಬ್ ಉರಿಸಿಡೋ ಪದ್ಧತಿ ಇದೆ, ಬಟ್ಟೆಗೆ ಬೂಷ್ಟು ಹಿಡೀಬಾರದು ಅಂತ. ಬಟ್ಟೆಗೆ ಸರಿ. ಫಿಲ್ಮಿಗೆ ಆ ಬಿಸಿ ಒಳ್ಳೇದಲ್ಲ. ನೆಗೆಟಿವ್, ಸ್ಲೈಡುಗಳಿಗೆ ಬೇಕಾಗಿರೋದು ತಂಪು ಮತ್ತು ಒಣ, ಎರಡೂ ಒಟ್ಟಿಗೆ. ಹಳೇ ಅಸಿಟೇಟ್ ಫಿಲ್ಮಿನ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಕೊಳೆಯೋಕೆ ಶುರುವಾಗಿದೆ ಅಂತ ಅರ್ಥ. ಅದನ್ನ ಹಿಂದಕ್ಕೆ ತಿರುಗಿಸೋಕೆ ಆಗಲ್ಲ, ನಿಧಾನ ಮಾಡಬಹುದು. ಮತ್ತೆ ಆ ಡಬ್ಬಿಯನ್ನ ಬೇರೆ ಫಿಲ್ಮುಗಳಿಂದ ದೂರ ಇಡಬೇಕು, ಯಾಕಂದ್ರೆ ಆ ಆಮ್ಲದ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತೆ. ಬಣ್ಣದ ಸ್ಲೈಡಿನ ಮೇಲೆ ಬೂಷ್ಟು ಕೂತರೆ ಜೇಡರ ಬಲೆ ಥರ ಗೆರೆ ಬೀಳುತ್ತೆ. ನೀರು ಹಾಕಿ ಒರೆಸೋಕೆ ಹೋದ್ರೆ ಚಿತ್ರವೇ ಕಿತ್ತುಬರಬಹುದು.

ಒಳ್ಳೇದು ಮಾಡೋಕೆ ಹೋಗಿ ಕೆಡಿಸೋ ಕೆಲಸಗಳಲ್ಲಿ ನನ್ನ ಪ್ರಕಾರ ಮೊದಲ ಸ್ಥಾನ ಲ್ಯಾಮಿನೇಶನ್‌ಗೆ. ಹಳೇ ಪತ್ರ ಕೈಗೆ ಸಿಕ್ಕಿದ ಕೂಡಲೇ ಜೆರಾಕ್ಸ್ ಅಂಗಡಿಗೆ ಓಡಿ ಲ್ಯಾಮಿನೇಟ್ ಮಾಡಿಸ್ತೀವಿ. ಬಿಸಿ ಪ್ಲಾಸ್ಟಿಕ್ ಒಳಗೆ ಒಮ್ಮೆ ಸೇರಿಸಿದ್ರೆ ಮತ್ತೆ ಬಿಡಿಸೋಕೆ ಆಗಲ್ಲ. ಎರಡನೇ ಸ್ಥಾನ ಸೆಲೋಟೇಪ್‌ಗೆ. ಹರಿದ ಜಾಗಕ್ಕೆ ಹಚ್ಚಿದ ಟೇಪು ಕೆಲವೇ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೂ ಎಳ್ಕೊಂಡು ಹೋಗುತ್ತೆ. ತುಕ್ಕು ಹಿಡಿಯೋ ಗುಂಡುಪಿನ್ನು, ಸ್ಟೇಪಲ್ ಪಿನ್ನುಗಳನ್ನ ಮೆಲ್ಲಗೆ ತೆಗೆದುಬಿಡಿ. ನುಸಿಗುಳಿಗೆ ನಂಬಿ ಕೂರಬೇಡಿ, ಅದರ ಆವಿ ಮನುಷ್ಯರಿಗೇ ಒಳ್ಳೇದಲ್ಲ. ಹುಳ ಹಿಡಿದ ಪುಸ್ತಕ ಸಿಕ್ಕರೆ ಗಾಳಿ ಆಡದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಡೀಪ್ ಫ್ರೀಜರ್‌ನಲ್ಲಿ ಇಡೋದು ಮ್ಯೂಸಿಯಮ್‌ನವರೂ ಮಾಡೋ ಉಪಾಯ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದ್ರೆ ಮಂಜಿನ ನೀರು ಕೂರುತ್ತೆ. ಫೋಟೊ, ನೆಗೆಟಿವ್‌ಗೆ ಮಾತ್ರ ಈ ಪ್ರಯೋಗ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ನಿಮಗೆ ಅನ್ಸಬಹುದು, ಕಂಪ್ಯೂಟರ್‌ನಲ್ಲಿ ಇದ್ದದ್ದು ಸೇಫ್ ಅಲ್ವಾ ಅಂತ. ಖಂಡಿತ ಅಲ್ಲ. 1990ರ ದಶಕದಲ್ಲಿ, 2000ದ ಮೊದಲ ವರ್ಷಗಳಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ ಫೈಲುಗಳ ಗತಿ ಕಾಗದಕ್ಕಿಂತ ಕಷ್ಟ. ಆಗ ಯುನಿಕೋಡ್ ಬಳಕೆಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿ ಕೆಲಸ ನಡೆಸ್ತಿದ್ದರು. ಹಳೇ ನುಡಿಯಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿದ ಫೈಲನ್ನ ಇವತ್ತು ನಿಮ್ಮ ಫೋನಲ್ಲಿ ತೆರೆದರೆ ಕಾಣೋದು ಒಂದು ಇಂಗ್ಲಿಷ್ ‘ಪಿ’, ತಲೆ ಮೇಲೆ ಗೀಟಿರೋ ‘ಎ’, ಒಂದು ಪೌಂಡ್ ಚಿಹ್ನೆ, ಇಂಥದ್ದೇ ಸಾಲು. ನೋಡಿದವರು ಫೈಲ್ ಹಾಳಾಗಿದೆ ಅಂತ ಡಿಲೀಟ್ ಮಾಡ್ತಾರೆ. ಹಾಳಾಗಿರಲ್ಲ. ಆ ಬರಹವನ್ನ ಯುನಿಕೋಡ್‌ಗೆ ಬದಲಿಸೋ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗ್ತವೆ. ಅಷ್ಟಾದರೂ ಮೂಲ ಫೈಲನ್ನ ಅಳಿಸಬಾರದು, ಪರಿವರ್ತನೆಯಲ್ಲಿ ಒತ್ತಕ್ಷರಗಳು ಎಡವಟ್ಟಾಗೋದು ಉಂಟು. ಫ್ಲಾಪಿ, ಸಿ.ಡಿ.ಗಳಂತೂ ಅವನ್ನ ಓದೋ ಡ್ರೈವ್ ಸಿಗೋ ತನಕ ಮಾತ್ರ. ಲೇಖಕರ ಹಳೇ ಕಂಪ್ಯೂಟರನ್ನ ಗಾಜಿನೊಳಗೆ ಇಟ್ಟು ಹಾರ ಹಾಕೋ ಮೊದಲು ಅದರ ಹಾರ್ಡ್‌ಡಿಸ್ಕಿನ ನಕಲು ತೆಗೆಯೋದು ಮುಖ್ಯ.

ಮುಂದಿನ ಪ್ರಶ್ನೆ, ಇದನ್ನೆಲ್ಲ ಎಲ್ಲಿಡಬೇಕು? ನಮ್ಮ ರಾಜ್ಯದಲ್ಲಿ ಲೇಖಕರ ಮನೆ ಉಳಿಸೋದರಲ್ಲಿ ಒಂದಿಷ್ಟು ಒಳ್ಳೇ ಕೆಲಸ ಆಗಿದೆ. ಕುಪ್ಪಳಿ ಕವಿಮನೆ ಇದೆ. ಪುತ್ತೂರಲ್ಲಿ ಶಿವರಾಮ ಕಾರಂತರ ಬಾಲವನ ಇದೆ. ತೇಜಸ್ವಿ ಹೆಸರಿನ ಪ್ರತಿಷ್ಠಾನ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿದೆ, ಚಾರ್ಮಾಡಿ ಘಾಟಿಗೆ ಹೋಗೋ ದಾರಿಯಲ್ಲೇ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮನೆಯನ್ನ 2011ರಲ್ಲಿ ಒಡೆಯೋಕೆ ಶುರು ಮಾಡಿದ್ದರು. ಗಲಾಟೆ ಆಗಿ ನಿಂತು, ಕೊನೆಗೆ ಮಹಾನಗರ ಪಾಲಿಕೆ ಕೊಂಡುಕೊಂಡು 2016ರಲ್ಲಿ ಮ್ಯೂಸಿಯಮ್ ಮಾಡಿತು. ಆದರೆ ನಾರಾಯಣ್ ಅವರ ಹಸ್ತಪ್ರತಿ, ಪತ್ರಗಳ ಒಂದು ದೊಡ್ಡ ಸಂಗ್ರಹ ನೋಡಬೇಕು ಅಂದ್ರೆ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಮನೆ ಮೈಸೂರಲ್ಲಿ, ಕಾಗದ ಅಮೆರಿಕದಲ್ಲಿ.

ಇಲ್ಲೇ ಮ್ಯೂಸಿಯಮ್‌ಗೂ ದಾಖಲಾಗಾರಕ್ಕೂ ಇರೋ ವ್ಯತ್ಯಾಸ ಗೊತ್ತಾಗಬೇಕು. ಮ್ಯೂಸಿಯಮ್ ತೋರಿಸೋ ಜಾಗ. ಕನ್ನಡಕ, ಪೆನ್ನು, ಸ್ಕೂಟರು, ಕೂತು ಬರೆದ ಕುರ್ಚಿ. ಶಾಲಾ ಮಕ್ಕಳು ಬಂದು ನೋಡಿ ಸೆಲ್ಫಿ ತಗೋತಾರೆ, ಅದರಿಂದ ಹತ್ತು ಮಕ್ಕಳಾದರೂ ಪುಸ್ತಕ ಕೈಗೆತ್ತಿಕೊಂಡರೆ ಸಾರ್ಥಕ, ಅದನ್ನ ನಾನು ಹಗುರ ಮಾಡ್ತಿಲ್ಲ. ಆದರೆ ಕಾಗದಕ್ಕೆ ಬೇಕಾಗಿರೋದು ಕತ್ತಲು, ತಂಪು, ಪಟ್ಟಿ, ಮತ್ತು ಕೇಳಿದವರಿಗೆ ಪೆಟ್ಟಿಗೆ ತಂದುಕೊಡೋ ಒಬ್ಬ ತರಬೇತಿ ಪಡೆದ ಮನುಷ್ಯ. ಗಾಜಿನ ಪೆಟ್ಟಿಗೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ತೆರೆದಿಟ್ಟ ಡೈರಿಯ ಒಂದು ಪುಟ ವರ್ಷಗಟ್ಟಲೆ ಬೆಳಕು ಕುಡಿದು ಮಾಸಿಹೋಗುತ್ತೆ, ಉಳಿದ ಪುಟಗಳನ್ನ ಯಾರೂ ಓದಿರಲ್ಲ. ಅಲ್ಲಿ ನಕಲು ಇಟ್ಟರೆ ಸಾಕು. ನಮ್ಮಲ್ಲಿ ದುಡ್ಡು ಬರೋದು ಕಟ್ಟಡಕ್ಕೆ, ಪ್ರತಿಮೆಗೆ, ಉದ್ಘಾಟನೆಗೆ. ದಾಖಲೆ ನೋಡಿಕೊಳ್ಳೋರ ಸಂಬಳಕ್ಕೆ ಬರೋದು ಅಪರೂಪ.

ಮಾದರಿ ಬೇಕು ಅಂದ್ರೆ ಬೆಂಗಳೂರಲ್ಲೇ ಇದೆ. ಜಿ.ಕೆ.ವಿ.ಕೆ. ಆವರಣದಲ್ಲಿರೋ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್.ಸಿ.ಬಿ.ಎಸ್., 2019ರಲ್ಲಿ ಒಂದು ಸಾರ್ವಜನಿಕ ದಾಖಲಾಗಾರ ತೆರೆಯಿತು. ವಿಜ್ಞಾನಿಗಳ ಪತ್ರ, ನೋಟ್‌ಬುಕ್, ಫೋಟೊಗಳನ್ನ ಅಲ್ಲಿ ಪೆಟ್ಟಿಗೆಗೊಂದು ಪಟ್ಟಿ ಮಾಡಿ ಇಡ್ತಾರೆ, ಸಾಮಾನ್ಯ ಜನರೂ ನೋಡಬಹುದು. ಇನ್ನೊಂದು ದಾರಿ ಮನೆಯವರೇ ತೋರಿಸಿದ್ದು. ಹೊನ್ನಾವರ ಮೂಲದ ಕೃಷ್ಣಾನಂದ ಕಾಮತ್ ಗೊತ್ತಲ್ಲ, ಕೀಟ, ಗಿಡ, ಹಳ್ಳಿ, ಜಾತ್ರೆ ಎಲ್ಲವನ್ನೂ ಫೋಟೊ ತೆಗೆದು ಕನ್ನಡದಲ್ಲಿ ಬರೆದವರು. 2002ರಲ್ಲಿ ತೀರಿಕೊಂಡರು. ಅವರ ಕುಟುಂಬದವರು ‘ಕಾಮತ್ಸ್ ಪಾಟ್‌ಪುರಿ’ ಅನ್ನೋ ಜಾಲತಾಣದಲ್ಲಿ ಸಾವಿರಾರು ಚಿತ್ರಗಳನ್ನ ವಿವರದ ಸಮೇತ ಹಾಕಿದ್ದಾರೆ. ಸ್ಮಾರಕ ಭವನಕ್ಕೆ ಕಾಯದೆ ಆದ ಕೆಲಸ ಅದು.

ಒಂದು ನಿಮಿಷ ಕಾನೂನು. ಇದು ಗೊತ್ತಿಲ್ಲದೆ ಜನ ಜಗಳಕ್ಕೆ ಬೀಳ್ತಾರೆ. ಕಾಗದದ ಒಡೆತನ ಬೇರೆ, ಬರಹದ ಹಕ್ಕು ಬೇರೆ. ಲೇಖಕರು ನಿಮ್ಮ ತಾತನಿಗೆ ಬರೆದ ಪತ್ರ ನಿಮ್ಮ ಮನೆಯಲ್ಲಿದ್ದರೆ ಆ ಹಾಳೆ ನಿಮ್ಮದು. ಅದರಲ್ಲಿರೋ ಸಾಲುಗಳನ್ನ ಪ್ರಕಟಿಸೋ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು. ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಲೇಖಕರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ. ತೇಜಸ್ವಿ ಪುಸ್ತಕಗಳ ಲೆಕ್ಕ ಹಾಕಿದ್ರೆ 2067ರ ಕೊನೆ ತನಕ. ಹಾಗಾಗಿ ‘ಅಪರೂಪದ ಪತ್ರ’ ಅಂತ ಇನ್‌ಸ್ಟಾಗ್ರಾಮ್‌ಗೆ ಹಾಕೋ ಮುಂಚೆ ಮನೆಯವರನ್ನ ಒಂದು ಮಾತು ಕೇಳಿ. ಕೇಳಬೇಕಾದ ಕಾರಣ ಕಾನೂನು ಒಂದೇ ಅಲ್ಲ, ಪತ್ರದಲ್ಲಿ ಬದುಕಿರೋ ಬೇರೆಯವರ ಖಾಸಗಿ ವಿಷಯವೂ ಇರಬಹುದು. ರಾಜೇಶ್ವರಿ ತೇಜಸ್ವಿ ಅವರು ‘ನನ್ನ ತೇಜಸ್ವಿ’ ಪುಸ್ತಕದಲ್ಲಿ ತಮಗೆ ಬಂದ ಪತ್ರಗಳನ್ನ ತಾವೇ ಓದುಗರ ಮುಂದೆ ಇಟ್ಟರು. ಯಾವುದನ್ನ ಹೇಳಬೇಕು, ಯಾವುದು ಬೇಡ ಅಂತ ಆರಿಸಿದ್ದು ಅವರೇ. ಅದು ಸರಿಯಾದ ಕ್ರಮ.

ಕೊನೆಯದಾಗಿ ನಿಮ್ಮ ಮನೆ ಅಟ್ಟ. ನಮ್ಮ ಮನೇಲಿ ಲೇಖಕರು ಯಾರೂ ಇಲ್ಲ ಅನ್ನಬೇಡಿ. ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಅಳೆದು ಇಂಚು, ಸೆಂಟ್ಸ್ ಲೆಕ್ಕದಲ್ಲಿ ದಿನಾ ಬರೆದಿಡೋ ರೂಢಿ ತಲೆಮಾರುಗಳಿಂದ ಇದೆ. ಹೂಮಳೆ ಯಾವ ದಿನ ಬಂತು, ಕಾಫಿ ಯಾವ ದಿನ ಅರಳಿತು ಅಂತ ಬರೆದ ಆ ರಟ್ಟಿನ ಪುಸ್ತಕ ಥೋರೋ ಕೋಷ್ಟಕಕ್ಕೆ ಯಾವ ರೀತಿಯಲ್ಲೂ ಕಡಿಮೆ ಇಲ್ಲ. ತೋಟ ಮಾರೋವಾಗ, ಮನೆ ಒಡೆಯೋವಾಗ ಅದು ರದ್ದಿಗೆ ಹೋಗುತ್ತೆ.

ಸಿಕ್ಕರೆ ಹೀಗೆ ಮಾಡಿ. ಬಿಸಿಲಿಗೆ ಒಣಗಿಸಬೇಡಿ, ನೆರಳಲ್ಲಿ ಫ್ಯಾನ್ ಗಾಳಿ ಸಾಕು. ಕಿಟಕಿ ಪಕ್ಕ ನೇರ ಬಿಸಿಲು ಬೀಳದ ಕಡೆ ಇಟ್ಟು, ಫ್ಲ್ಯಾಶ್ ಇಲ್ಲದೆ, ರಟ್ಟಿನಿಂದ ರಟ್ಟಿನ ತನಕ ಖಾಲಿ ಪುಟವನ್ನೂ ಬಿಡದೆ ಫೋಟೊ ತೆಗೀರಿ. ಮನೆಯವರಿಗೆ ಕಳಿಸೋವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ರೆ ಅದು ಕುಗ್ಗಿ ಅಕ್ಷರ ಮಸುಕಾಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಲ್ಲಿ ಇರಲಿ. ಫೈಲಿನ ಹೆಸರಲ್ಲಿ ಮೊದಲು ವರ್ಷ, ಆಮೇಲೆ ಊರು, ಆಮೇಲೆ ಬರೆದವರ ಹೆಸರು. ಹಳೇ ಫೋಟೊಗಳ ಹಿಂದೆ ಬರೆಯೋದಾದ್ರೆ ಪೆನ್ಸಿಲ್ ಮಾತ್ರ, ಮೆತ್ತಗೆ. ಮತ್ತೆ ಆ ಪುಸ್ತಕದ ಕೈಬರಹ ಓದಬಲ್ಲ ಅಜ್ಜಿಯೋ ದೊಡ್ಡಪ್ಪನೋ ಇನ್ನೂ ಇದ್ದರೆ ಈ ಭಾನುವಾರವೇ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಪುಟ ತೋರಿಸ್ತಾ ಫೋನಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿ. ‘ಮೇಲಿನ ಹಳ್ಳ’ ಅಂದ್ರೆ ಯಾವ ಹಳ್ಳ ಅಂತ ಅವರಿಗೆ ಮಾತ್ರ ಗೊತ್ತಿರುತ್ತೆ.